ನಿಧಾನಮ್ಮನ ತಿರುವು

ಮುಚ್ಚಬೇಡಿ, ಮುಚ್ಚಬೇಡಿ... ಬಾಯಿ ಮುಚ್ಚಬೇಡಿ ಮೇಷ್ಟ್ರೇ, ನನ್ನ ಬೆರಳು ಇನ್ನೂ ಒಳಗೇ ಇದೆ. ಮೈದಾನದಲ್ಲಿ ನೀವು ಹೇಳಿದ ಹಾಗೆ ಮಕ್ಕಳು ಕೇಳಬೇಕು, ಈ ಕುರ್ಚಿ ಮೇಲೆ ನಾನು ಹೇಳಿದ ಹಾಗೆ ನೀವು ಕೇಳಬೇಕು. ಇನ್ನೂ ಅಗಲ. ದಿನವಿಡೀ ಕೂಗೋ ಬಾಯಿ, ಇಷ್ಟೇನಾ ಅಗಲ ಆಗೋದು? ಹಾಂ... ನೋಡಿ, ಬಂತು. ಹಾಗೇ ಇರಿ.

ಎಡಗಡೆ ನೋವು ಅಂದ್ರಲ್ಲ, ಎಲ್ಲಿ? ಇದಾ? ಇಲ್ಲಾ ಇದಾ? ಎಲ್ಲದಕ್ಕೂ ಹೂಂ ಅನ್ನಬೇಡಿ. ನಾನು ಕುಟ್ಟಿದ ಹಲ್ಲಿಗೆಲ್ಲ ಹೂಂಗುಟ್ಟಿದರೆ ಬೊಚ್ಚುಬಾಯಲ್ಲಿ ಮನೆಗೆ ಹೋಗ್ತೀರಿ, ಅಷ್ಟೇ. ಎಡಗಡೆ ಏನೂ ಇಲ್ಲ ಮೇಷ್ಟ್ರೇ. ಗೋಡೆ ಕಟ್ಟಿದ ಹಾಗಿದೆ, ಒಂದು ಕಲೆ ಕೂಡ ಇಲ್ಲ. ಮುಂದಿನೆರಡು ಮಾತ್ರ ಅಂಚು ಸವೆದಿದೆ... ಸೀಟಿ ಕಚ್ತೀರಿ ನೀವು. ಊದೋದಲ್ಲ, ಕಚ್ಚೋದು. ಸ್ಟೀಲಿನ ಸೀಟಿ ತಾನೇ? ನೋಡಿ, ಹಲ್ಲೇ ಹೇಳಿಬಿಡುತ್ತೆ. ಮಕ್ಕಳು ಗುಡ್ಡದ ಮೇಲೆ ಹೋಗಿ ಕಣ್ಣಿಗೆ ಕಾಣದೆ ಇರೋವಾಗ ಇಲ್ಲಿ ಕೆಳಗೆ ನಿಂತು ಕಟಕಟ ಅಂತ ಕಚ್ತೀರಿ, ಅಲ್ವಾ?

ಹುಳುಕಿರೋದು ಬಲಗಡೆ, ಹಿಂದಿನದು. ಸಣ್ಣದು. ಅದು ನೋವು ಕೊಡೋ ಹೊತ್ತಿಗೆ ನಿಮಗೆ ಮೊಮ್ಮಕ್ಕಳಾಗಿರ್ತವೆ. ಆದರೂ ಬಂದಿದ್ದೀರಲ್ಲ, ಬಿಡ್ತೀನಾ? ತುಂಬಿಬಿಡ್ತೀನಿ. ಸಿಸ್ಟರ್, ಇಂಜೆಕ್ಷನ್ ತಗೊಂಡು ಬಾಮ್ಮ. ನಿನಗೆ ಇವರು ಗೊತ್ತಿಲ್ಲ ಅಲ್ವಾ? ನನ್ನ ಮಗಳು ಕಡ್ಡಿ ಓದೋ ಶಾಲೆಯ ಆಟದ ಮೇಷ್ಟ್ರು. ಗುಡ್ಡದ ಓಟ ಅಂತ ಹುಡುಗೀರನ್ನ ಬೆಳಬೆಳಗ್ಗೆ ಗುಡ್ಡ ಹತ್ತಿಸಿ ಇಳಿಸ್ತಾರಲ್ಲ, ಇವರೇ ಅವರು. ನೋಡು ಹೇಗೆ ಬೆವರ್ತಾ ಇದ್ದಾರೆ, ಸೂಜಿ ಇನ್ನೂ ಬಂದೇ ಇಲ್ಲ.

ಏನು? ಏನೋ ಹೇಳ್ಬೇಕಾ? ಆಮೇಲೆ ಹೇಳುವಿರಂತೆ. ಮೊದಲು ಇದು. ಚುಚ್ಚುತ್ತೆ ಸ್ವಲ್ಪ... ಮುಗೀತು. ಇಷ್ಟಕ್ಕೆ ಕುರ್ಚಿ ಕೈ ಕಿತ್ತುಹಾಕ್ತಿದ್ದೀರಲ್ಲ. ಹದಿನೈದು ವರ್ಷದ ಹುಡುಗೀರು ಮೊಣಕಾಲು ಸುಲಿದುಕೊಂಡು ಬಂದರೆ, ಅದೇನು ಮಹಾ, ನೀರು ಹಾಕ್ಕೋ ಅಂತೀರಿ. ನಾನೇ ಕೇಳಿದ್ದೀನಿ. ಈಗ ಗೊತ್ತಾಯ್ತಾ?

ಮರಗಟ್ಟಲಿ, ಕಾಯೋಣ. ಅಷ್ಟರಲ್ಲಿ ನಾನು ಮಾತಾಡ್ತೀನಿ. ನನಗೆ ಈ ಕೆಲಸದಲ್ಲಿ ಇದೊಂದು ಸುಖ ನೋಡಿ. ಮನೇಲಿ ನನ್ನ ಮಾತು ಯಾರೂ ಪೂರ್ತಿ ಕೇಳಲ್ಲ. ಇಲ್ಲಿ ಯಾರೂ ಎದ್ದು ಹೋಗಲ್ಲ.

ಇವತ್ತು ಸಂಜೆ ಹಲಗೆ ಮೇಲೆ ಹೆಸರು ಬರೀತೀರಂತೆ, ನಾಳೆ ಓಟಕ್ಕೆ. ಆರು ಹೆಸರು. ಕಡ್ಡಿ ಎರಡು ದಿನದಿಂದ ಊಟ ಮಾಡ್ತಿಲ್ಲ. ಮಾಡ್ತಾಳೆ, ಆದರೆ ತಟ್ಟೆ ನೋಡ್ಕೊಂಡು ಮಾಡ್ತಾಳೆ. ಅವಳ ಅಪ್ಪ ಅಂತೂ ಪಕ್ಕದಲ್ಲಿ ಕೂತು, ಬಿಡು ಮಗಳೇ, ಮೇಷ್ಟ್ರು ನಿನ್ನ ಬಿಡ್ತಾರಾ ಅಂತ. ಅವರಿಗೇನು ಗೊತ್ತು ಹೇಳಿ. ಅವರಿಗೆ ನಿಮ್ಮ ಅಂಕದ ಲೆಕ್ಕವೇ ಇವತ್ತಿಗೂ ತಲೆಗೆ ಹತ್ತಿಲ್ಲ. ಮೊದಲು ಬಂದರೆ ಒಂದು, ಎರಡನೆಯವಳಿಗೆ ಎರಡು, ಹೀಗೆ ಒಂದು ಶಾಲೆಯ ಆರು ಜನದಲ್ಲಿ ಮೊದಲು ಬಂದ ನಾಲ್ಕು ಜನದ್ದು ಕೂಡಿಸಿ ಯಾರದ್ದು ಕಮ್ಮಿಯೋ ಅವರು ಗೆದ್ದರು. ನಾನು ಹೇಳಿ ಹೇಳಿ ಸಾಕಾಯ್ತು. ಕಮ್ಮಿ ತಗೊಂಡೋರು ಗೆಲ್ಲೋದು ಯಾವ ಊರಿನ ನ್ಯಾಯ ಅಂತಾರೆ. ಹೋದ ತಿಂಗಳ ಓಟದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದ್ರಲ್ಲ, ನೆನಪಿದೆಯಾ? ಆಚೆ ಶಾಲೆಯವರಿಗಿಂತ ನಮಗೆ ಒಂದು ಜಾಸ್ತಿ ಬಂತು ಅಂತ! ಸುತ್ತ ಕೂತ ಅಮ್ಮಂದಿರೆಲ್ಲ ಹೇಗೆ ನೋಡಿದರು ಅಂತೀರಿ. ನಾನು ಸೆರಗು ಮುಖಕ್ಕೆ ಹಾಕ್ಕೊಂಡು ಕೂತಿದ್ದೆ.

ನಗಬೇಡಿ. ತುಟಿ ಮರಗಟ್ಟಿದೆ, ನಕ್ಕರೆ ಒಂದೇ ಕಡೆ ನಗ್ತೀರಿ. ನೋಡೋಕೆ ಚೆನ್ನಾಗಿರಲ್ಲ.

ಶುರು ಮಾಡ್ತೀನಿ ಈಗ. ಈ ಸದ್ದಿಗೆ ಹೆದರಬೇಡಿ, ಬರೀ ಸದ್ದು. ಬಾಯಿ... ಹಾಂ.

ಒಂದು ಅಂಕ. ಒಂದೇ ಒಂದು. ಅದು ಯಾರಿಂದ ಹೋಯ್ತು ಅಂತ ನನಗೆ ಗೊತ್ತಿಲ್ವಾ? ನನ್ನ ಮಗಳಿಂದ. ಹತ್ತೋದ್ರಲ್ಲಿ ಅವಳ ಮುಂದೆ ಯಾರಿದ್ದಾರೆ ಹೇಳಿ. ಗುಡ್ಡದ ತಲೆ ಮೇಲಿನ ನೀರಿನ ಟ್ಯಾಂಕನ್ನ ಸುತ್ತು ಹಾಕಿದಾಗ ಅವಳೇ ಮೊದಲು, ಎಲ್ಲರೂ ನೋಡಿದ್ದಾರೆ. ಆಮೇಲೆ ಇಳಿಜಾರು ಬರುತ್ತೆ. ಬಂದರೆ ಮುಗೀತು. ಆ ಉದ್ದಜಡೆ ಇದ್ದಾಳಲ್ಲ, ಆಚೆ ಶಾಲೆಯವಳು, ಅವಳು ದಾಟ್ತಾಳೆ. ಅವಳ ಹಿಂದಿನವಳು ದಾಟ್ತಾಳೆ. ನಮ್ಮ ಶಾಲೆಯ ಸೋಡಾಗ್ಲಾಸ್ ಕನ್ನಡಕದ ಹುಡುಗಿ, ದಾರಿ ಸರಿಯಾಗಿ ಕಾಣದವಳು, ಅವಳೂ ದಾಟ್ತಾಳೆ. ನಮ್ಮವಳು ಮದುವೆ ಮನೆಗೆ ಬಂದವಳ ಹಾಗೆ ಹೆಜ್ಜೆ ಇಡ್ತಾ ಬರ್ತಾಳೆ. ಕೆಳಗೆ ಓಟ ಮುಗಿಯೋ ಹಗ್ಗದ ಹತ್ರ ಬರೋ ಹೊತ್ತಿಗೆ ಒಂಬತ್ತನೆಯವಳು. ಅವಳಿಗೆ ಇಳಿಯೋದು ಭಯ ಮೇಷ್ಟ್ರೇ. ಹೋದ ವರ್ಷ ಬಿದ್ದಳಲ್ಲ, ಅವತ್ತಿಂದ.

ಅವತ್ತು ನೀವೂ ಅಲ್ಲೇ ಇದ್ದಿರಿ. ಆ ಸೀಳುಬಂಡೆ ಹತ್ರ ದಾರಿ ತಿರುಗುತ್ತಲ್ಲ, ಅಲ್ಲಿ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದಳು. ಮುಂದಿನ ಹಲ್ಲು ಅರ್ಧ ಮುರೀತು. ಬೇರೆ ಯಾವಳಾದರೂ ಆಗಿದ್ದರೆ ಅಲ್ಲೇ ಕೂತು ಅಮ್ಮಾ ಅಂತ ಅಳೋಳು. ಇವಳು ಮಣ್ಣಲ್ಲಿ ಕೈಯಾಡಿಸಿ ಆ ಚೂರು ಹುಡುಕಿ, ಕೆನ್ನೆ ಒಳಗೆ ಇಟ್ಕೊಂಡು ಓಡಿ ಬಂದಳು. ಚೂರು ಒಣಗಿದರೆ ಅಂಟಲ್ಲ, ಎಂಜಲಲ್ಲೇ ಇಟ್ಕೋಬೇಕು ಅಂತ ಊಟದ ಹೊತ್ತಲ್ಲಿ ನಾನು ಯಾವಾಗಲೋ ಹೇಳಿದ್ದೆ. ಕೇಳಿಸ್ಕೊಂಡಿದ್ದು ಅದೊಂದೇ ಮಾತು, ಹುಟ್ಟಿದಾರಭ್ಯ. ಹಗ್ಗ ದಾಟಿ ಸೀದಾ ನನ್ನ ಹತ್ರ ಬಂದು, ಅಂಗೈ ಹಿಡಿ ಅಂತ ಸನ್ನೆ ಮಾಡಿ, ಉಗುಳಿದಳು. ನುಂಗಿದ್ದಿದ್ದರೆ? ಗಂಟಲಿಗೆ ಸಿಕ್ಕಿದ್ದಿದ್ದರೆ? ಅದನ್ನ ಯೋಚನೆ ಮಾಡೋ ಬುದ್ಧಿ ಮಾತ್ರ ಇಲ್ಲ.

ಇದೇ ಕುರ್ಚಿ ಮೇಲೆ ಕೂರಿಸಿ ಅಂಟಿಸಿದೆ. ಹೋಗಿ ನೋಡಿ ಈಗ, ಗೀಟು ಕೂಡ ಕಾಣಲ್ಲ. ನನ್ನ ಕೈ ಒಂದು ಚೂರೂ ನಡುಗಲಿಲ್ಲ. ಅವಳೇ ಅಳ್ತಾ ಇದ್ದಳು ಪಾಪ, ಅವಳ ಕಣ್ಣೊರೆಸಿ ಒರೆಸಿ...

ಯಾಕೆ ಹುಬ್ಬು ಏರಿಸ್ತೀರಿ? ಅಳ್ತಾ ಇದ್ದಳು ಅಂದೆ. ನೀವು ಬಾಗಿಲ ಹೊರಗೆ ಬೆಂಚಿನ ಮೇಲಿದ್ದಿರಿ, ನಿಮಗೆ ಕೇಳಿಸಿರಲ್ಲ. ಸರಿ, ಅಳು ಕೇಳಿಸಿದ್ದರೆ ಅವಳದ್ದೇ. ಬಾಯಿ ತೆಗೀರಿ.

ಅವತ್ತಿಂದ ನಾನೇ ನಿಮ್ಮನ್ನ ಕೇಳಿದೆ, ಓಟದ ದಿನ ಆ ತಿರುವಿನಲ್ಲಿ ಔಷಧಿ ಪೆಟ್ಟಿಗೆ ಇಟ್ಕೊಂಡು ನಾನು ನಿಲ್ತೀನಿ ಅಂತ. ಬೇಡ ಅನ್ನೋಕೆ ನಿಮಗೂ ಆಗಲಿಲ್ಲ. ಸುಮ್ಮನೆ ನಿಲ್ಲಲ್ಲ ನಾನು. ಕೆಲವು ಅಮ್ಮಂದಿರು ಬರ್ತಾರೆ, ಛತ್ರಿ ಹಿಡ್ಕೊಂಡು ಹರಟೆ ಹೊಡೀತಾರೆ. ನಾನು ಪ್ರತಿಯೊಬ್ಬ ಹುಡುಗಿಗೂ ಹುರಿದುಂಬಿಸ್ತೀನಿ. ನಮ್ಮ ಶಾಲೆ, ಆಚೆ ಶಾಲೆ ಅಂತ ಭೇದ ಇಲ್ಲ. ಗಂಟಲು ಹರಿಯೋ ಹಾಗೆ ಕೂಗ್ತೀನಿ...

ಯಾಕೆ ನಗ್ತೀರಿ? ಹುರಿದುಂಬಿಸ್ತೀನಿ ಅಂದೆ. ಅದರಲ್ಲಿ ನಗೋದೇನಿದೆ? ನಿಮ್ಮ ಹೊಟ್ಟೆ ಕುಣೀತಾ ಇದೆ, ನನ್ನ ಡ್ರಿಲ್ಲೂ ಅದರ ಜೊತೆ ಕುಣಿದರೆ ನನ್ನ ಕೇಳಬೇಡಿ.

ನನ್ನ ವಿಷಯ ಏನಪ್ಪಾ ಅಂದ್ರೆ... ಹೇಳಿಬಿಡ್ತೀನಿ. ನಾಳೆ ಅವಳನ್ನ ಬಿಟ್ಟುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ನನಗೇನು. ಬದಲಿ ಆಟಗಾರ್ತಿ ಅಂತ ಇಟ್ಕೊಳ್ಳಿ, ಬೆಂಚಿನ ಮೇಲೆ ಕೂರಲಿ, ನೀರು ಕೊಡಲಿ, ಉಳಿದವರ ಶೂ ಕಾಯಲಿ. ಆ ಜಾಗದಲ್ಲಿ ಇಳಿಯೋಕೆ ಬರೋಳು ಯಾರನ್ನಾದರೂ ಹಾಕ್ಕೊಳ್ಳಿ. ಒಂದು ಅಂಕದಲ್ಲಿ ಬಹುಮಾನದ ಕಪ್ಪು ಹೋಗೋದು ತಪ್ಪುತ್ತೆ. ಈ ವರ್ಷ ಮುಗಿದರೆ ಅವಳು ನಿಮ್ಮ ಶಾಲೆಯಲ್ಲಿರಲ್ಲ, ನನಗೆ ಗೊತ್ತು, ಇದೇ ಅವಳ ಕೊನೇ ಓಟ. ಅತ್ತರೆ ಅಳಲಿ. ಎರಡು ದಿನ ಮಾತು ಬಿಡ್ತಾಳೆ, ಮೂರನೇ ದಿನ ಹಸಿವಾಗುತ್ತೆ. ಬಿದ್ದು ಕೈಕಾಲು ಮುರ್ಕೊಳ್ಳೋದಕ್ಕಿಂತ...

ತಲೆ ಅಲ್ಲಾಡಿಸಬೇಡಿ ಮೇಷ್ಟ್ರೇ. ಬಾಯೊಳಗೆ ಡ್ರಿಲ್ ಇದೆ, ತಲೆ ಅಲ್ಲಾಡಿಸ್ತೀರಲ್ಲ! ಏನು, ಏನೀಗ? ಹೇಳ್ಬೇಕಾ? ಆಮೇಲೆ ಅಂದೆನಲ್ಲ. ಹತ್ತಿ ಇಡ್ತೀನಿ, ಒಣಗಬೇಕು ಅದು. ಕಚ್ಚಬೇಡಿ.

ಕಪ್ಪು ಕಪ್ಪು ಅಂತ ನೀವೂ ಸಾಯ್ತೀರಿ, ಗೊತ್ತಿದೆ. ಅದೇನು ಕಪ್ಪೋ, ನಾನೂ ನೋಡಿದೆ, ಒಂದು ಹಿಡಿ ಬಿಟ್ಟುಹೋಗಿದೆ. ಆದರೂ ಹುಡುಗೀರು ಅದಕ್ಕೇ ಪ್ರಾಣ ಬಿಡ್ತಾರೆ. ಮೊನ್ನೆ ಅಭ್ಯಾಸ ಮುಗಿಸಿ ಎಲ್ಲರೂ ನಮ್ಮನೆಗೇ ಬಂದರು, ನಿಮ್ಮ ಸೋಡಾಗ್ಲಾಸು, ಆ ಗುಂಗುರುಕೂದಲು, ಎಲ್ಲ. ಮಣ್ಣಿನ ಕಾಲಲ್ಲೇ ಒಳಗೆ. ರೂಮಲ್ಲಿ ಕೂತು ಯುದ್ಧಕ್ಕೆ ಹೊರಟವರ ಹಾಗೆ ಪಿಸಪಿಸ. ನಾನು ಟೀ ತಗೊಂಡು ಬಾಗಿಲ ಹತ್ರ ಬಂದೆ. ಗುಂಗುರುಕೂದಲು ಹೇಳ್ತಾ ಇದ್ದಳು, ನಿಧಾನಮ್ಮನ ತಿರುವು ದಾಟೋವರೆಗೆ ಕಾಯಿ, ದಾಟಿದ ಮೇಲೆ ಬಿಡಬೇಡ, ಹಿಡಿ ಆ ಉದ್ದಜಡೆಯನ್ನ ಅಂತ. ನನ್ನ ನೋಡಿದ ತಕ್ಷಣ ಎಲ್ಲರಿಗೂ ಒಟ್ಟಿಗೆ ಕೆಮ್ಮು. ಸೋಡಾಗ್ಲಾಸ್ ನೀರು ಕುಡೀತಾ ಇದ್ದಳು, ಮೂಗಲ್ಲಿ ಬಂತು.

ಅವರೆಲ್ಲ ಹೋದ ಮೇಲೆ ಕಡ್ಡಿಯನ್ನ ಕೇಳಿದೆ. ಯಾರೇ ಅದು ನಿಧಾನಮ್ಮ? ಆ ಸೀಳುಬಂಡೆ ತಿರುವಿಗಾ ಆ ಹೆಸರು? ಹೂಂ ಅಮ್ಮ, ಹಳೇ ಕಾಲದವರು ಯಾರೋ, ಅಲ್ಲೇ ಇರ್ತಿದ್ದರಂತೆ ಅಂದಳು. ತುಂಬಾ ಒಳ್ಳೆಯವರಂತೆ. ಅಲ್ಲಿ ಬಂದಾಗ ಯಾರೇ ಆಗಲಿ ಸ್ವಲ್ಪ ಮೆಲ್ಲಗೆ ಹೋಗಬೇಕಂತೆ, ಇಲ್ಲದಿದ್ದರೆ ಅವರಿಗೆ ಬೇಜಾರಾಗುತ್ತಂತೆ. ನೋಡಿ ಮೇಷ್ಟ್ರೇ, ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತು ತಗೊಳ್ಳೋ ಹುಡುಗಿ, ಸತ್ತು ಹೋದ ಯಾವುದೋ ಅಜ್ಜಿಗೆ ಬೇಜಾರಾಗುತ್ತೆ ಅಂತ ಓಡೋದು ನಿಲ್ಲಿಸ್ತಾಳಂತೆ. ನೀವಾದರೂ ಹೇಳಬಾರದಾ ಅವರಿಗೆ? ಇಂಥ ಮೂಢನಂಬಿಕೆ ಎಲ್ಲ ಶಾಲೆಯಲ್ಲೇ ಬಿಡಿಸಬೇಕು.

ಸಿಸ್ಟರ್, ನೀನ್ಯಾಕೆ ಆ ಕಡೆ ಗೋಡೆಗೆ ತಿರುಗಿದ್ದೀಯ? ನಿನಗೇನಾಯ್ತು? ಹೆಗಲು ಅಲ್ಲಾಡ್ತಿದೆ. ಈ ಹುಡುಗಿ ಬೆಳಗ್ಗಿಂದ ಸಂಜೆವರೆಗೆ ನಾಲ್ಕು ಮಾತಾಡಲ್ಲ ಮೇಷ್ಟ್ರೇ, ಇವತ್ತೇ ನಗ್ತಾ ಇರೋದು ನಾನು ನೋಡಿದ್ದು. ಹೋಗಮ್ಮ, ಹೊರಗಿನ ಬೆಂಚಲ್ಲಿ ಯಾರಾದರೂ ಇದ್ದಾರಾ ನೋಡು. ನೀವೂ ಸುಮ್ಮನಿರಿ, ಕಣ್ಣಲ್ಲಿ ನೀರು ಬರ್ತಾ ಇದೆ ನಿಮಗೆ. ನೋವಾ? ಅಲ್ಲ ತಾನೇ? ಹಾಗಾದರೆ ಯಾಕೆ?

ಇರಲಿ. ತುಂಬ್ತಾ ಇದ್ದೀನಿ, ಈಗ ನಿಜವಾಗಲೂ ಅಲ್ಲಾಡಬೇಡಿ. ನಿಧಾನ... ನಿಧಾನ... ಹಾಂ.

ಇದು ನನಗಲ್ಲ ಮೇಷ್ಟ್ರೇ, ನಿಮಗೆ ಹೇಳಿದ್ದು. ನಾನು ಯಾರಿಗಾದರೂ ಇದೇ ಹೇಳೋದು. ಬಾಯಿ ಬಿಡೋವಾಗ ನಿಧಾನ, ಎದ್ದೇಳೋವಾಗ ನಿಧಾನ. ನಮ್ಮ ಮೆಟ್ಟಿಲು ಕಡಿದು ನೋಡಿ, ಕೆಳಗೆ ಆ ಟೈರಿನ ಅಂಗಡಿಯವನು ಟೈರು ಬೇರೆ ಅಡ್ಡ ಇಟ್ಟಿರ್ತಾನೆ. ಇಳಿದು ಹೋಗೋರಿಗೆಲ್ಲ ಮೇಲಿಂದ ನಿಧಾನ, ನಿಧಾನ ಅಂತ ಕೂಗೋದೇ ನನ್ನ ನಮಸ್ಕಾರ. ಬೇರೆಯವರು ಹೋಗಿಬನ್ನಿ ಅಂತಾರೆ, ನಾನು ನಿಧಾನ ಅಂತೀನಿ. ಕಡ್ಡಿ ಮೊದಲು ಆಡಿದ ಮಾತು ಯಾವುದು ಗೊತ್ತಾ? ಅಮ್ಮ ಅಲ್ಲ, ಅಪ್ಪ ಅಲ್ಲ. ದಾನ. ಯಾರು ಹೊರಟರೂ ಕೈಯಾಡಿಸಿ ದಾನ, ದಾನ ಅನ್ನೋಳು. ನಮ್ಮತ್ತೆ ಖುಷಿಪಟ್ಟಿದ್ದೇ ಪಟ್ಟಿದ್ದು, ಮಗು ದೊಡ್ಡ ಧರ್ಮಾತ್ಮಳಾಗ್ತಾಳೆ ಅಂತ. ನಾನು ಹೇಳಲೇ ಇಲ್ಲ, ಅದು ನನ್ನ ಮಾತು, ಮೊದಲಿನ ಅಕ್ಷರ ನುಂಗಿದ್ದಾಳೆ ಅಂತ. ನಿಧಾನ ಅಂದರೆ ಮೆಲ್ಲಗೆ ಹೋಗು ಅಂತಲ್ಲ. ಹುಷಾರಾಗಿ ಹೋಗು ಅಂತ. ಚೆನ್ನಾಗಿರು ಅಂತ. ಅಷ್ಟೂ ಗೊತ್ತಾಗಲ್ವಾ ಕೇಳಿದವರಿಗೆ?

ಆ ತಿರುವಿನಲ್ಲೂ ಅದನ್ನೇ ಕೂಗೋದು ನಾನು. ಮತ್ತೇನು ಕೂಗಲಿ? ನಿಧಾನ ಮಗಳೇ, ನಿಧಾನ, ಕಲ್ಲಿದೆ, ನಿಧಾನ... ಆಚೆ ಶಾಲೆಯ ಉದ್ದಜಡೆಗೂ ಅದೇ, ಎಲ್ಲರಿಗೂ...

ಆಯ್ತು. ಹತ್ತಿ ತೆಗೀತೀನಿ. ಕಚ್ಚಿ ನೋಡಿ. ಎತ್ತರ ಅನ್ಸುತ್ತಾ? ಇಲ್ಲ ತಾನೇ. ಬಾಯಿ ಮುಕ್ಕಳಿಸಿ. ತುಟಿ ಆ ಕಡೆ ಸೋರುತ್ತೆ, ಒರೆಸ್ಕೊಳ್ಳಿ, ನಾಚಿಕೆ ಬೇಡ. ಹಾಂ. ಈಗ ಹೇಳಿ. ಆಗಿಂದ ಏನೋ ಹೇಳ್ಬೇಕು ಅಂತ ಒದ್ದಾಡ್ತಾ ಇದ್ದಿರಲ್ಲ, ಬಾಯಿ ನಿಮ್ಮದೇ ಈಗ. ಹೇಳಿ.

ಹೇಳಿ ಮೇಷ್ಟ್ರೇ.

...ನಾಲಿಗೆ ಮರಗಟ್ಟಿಲ್ಲ ನಿಮ್ಮದು, ನಾನು ಕೊಟ್ಟಿದ್ದು ದವಡೆಗೆ. ಮಾತು ಬರುತ್ತೆ. ಅಭ್ಯಾಸ ನಿಲ್ಲಿಸಿ ಓಟದ ಹಿಂದಿನ ದಿನ ಹಲ್ಲು ತೋರಿಸೋಕೆ ಬಂದಿದ್ದೀರಿ. ಎಡಗಡೆ ನೋವು ಅಂತ ಬಂದಿದ್ದೀರಿ, ಎಡಗಡೆ ನೋವೇ ಇಲ್ಲ. ಮತ್ತೆ ಯಾಕೆ ಬಂದ್ರಿ? ಕಡ್ಡಿ ಹೆಸರು ಬಿಡ್ತೀನಿ ಅಂತ ಹೇಳೋಕಾ? ಬೇಜಾರಿಲ್ಲ, ನಾನೇ ಹೇಳಿದೆನಲ್ಲ. ಅಲ್ವಾ? ಅದಲ್ವಾ?

ಸೀಟಿ ಜೇಬಿಗೆ ಹಾಕಿ. ಕಚ್ಚಬೇಡಿ, ಈಗಷ್ಟೇ ತುಂಬಿದ್ದೀನಿ.

ಒಂದು ಕೇಳ್ತೀನಿ. ಬೆಳಗ್ಗೆ ಅಭ್ಯಾಸದಲ್ಲಿ... ನಾನು ಇಲ್ಲದಿರೋವಾಗ... ಅವಳು ಹೇಗೆ ಇಳೀತಾಳೆ? ಆ ತಿರುವು ಹೇಗೆ ದಾಟ್ತಾಳೆ? ಒಬ್ಬೊಬ್ಬರನ್ನೇ ಮುಂದೆ ಬಿಟ್ಕೊಂಡಾ, ಹೋದ ತಿಂಗಳ ಹಾಗೆ?

ಒಂದು ಬೆರಳು ಯಾಕೆ ಎತ್ತಿದ್ದೀರಿ? ಒಂದು ನಿಮಿಷ ಅಂತಾನಾ? ಇಲ್ಲಾ... ಮೊದಲು ಅಂತಾನಾ?

ಮೊದಲು.

ಉದ್ದಜಡೆ ಬಂದರೂ ಹಿಡಿಯೋಕಾಗಲ್ಲ ಅನ್ನೋ ಹಾಗೆ? ...ಹೂಂ ಅಂತ ತಲೆ ಆಡಿಸ್ತೀರಿ. ಬಾಯಿಬಿಟ್ಟು ಹೇಳಲ್ಲ. ಹೇಳಬೇಡಿ ಅಂತ ಅವಳು ಮಾತು ತಗೊಂಡಿದ್ದಾಳಾ? ಅಮ್ಮನಿಗೆ ಮಾತ್ರ ಹೇಳಬೇಡಿ ಸಾರ್ ಅಂತ? ಅದಕ್ಕೆ ಇಲ್ಲದ ಹಲ್ಲು ನೋವು ಹಿಡ್ಕೊಂಡು ಬಂದು, ಇಂಜೆಕ್ಷನ್ ಚುಚ್ಚಿಸ್ಕೊಂಡು, ಹೇಳೋಕೂ ಆಗದೆ, ಸುಮ್ಮನಿರೋಕೂ ಆಗದೆ...

ಅಯ್ಯೋ. ಹಾಗಾದರೆ ನಿಧಾನಮ್ಮ...

ಆಗ ಎಷ್ಟು ನಕ್ಕಿರಿ, ಈಗ ನಗಿ. ನಾನೇನಾ ನಿಧಾನಮ್ಮ? ಆ ಹಳೇ ಕಾಲದವರು, ಅಲ್ಲೇ ಬಂಡೆ ಹತ್ರ ಇರ್ತಿದ್ದ, ತುಂಬಾ ಒಳ್ಳೆಯವರು... ನಾನೇನಾ? ಸಿಸ್ಟರ್‌ಗೂ ಗೊತ್ತು. ಇಡೀ ಎರಡು ಶಾಲೆಗೆ ಗೊತ್ತು. ನಾನೊಬ್ಬಳು ಇಲ್ಲಿ ಮೂಢನಂಬಿಕೆ ಬಿಡಿಸಿ ಅಂತ ನಿಮಗೆ ಪಾಠ ಹೇಳ್ತಾ ಕೂತಿದ್ದೀನಿ.

ಅವರಿಗೆ ಬೇಜಾರಾಗುತ್ತಂತೆ ಅಂದಳು ಮೇಷ್ಟ್ರೇ. ಅದಕ್ಕೆ ಮೆಲ್ಲಗೆ ಹೋಗ್ತಾರಂತೆ. ನನ್ನ ಮುಖ ನೋಡಿ ಕಾಲು ಕಟ್ಕೊಂಡು ಇಳೀತಾಳೆ ಆ ಹುಡುಗಿ. ಉದ್ದಜಡೆಯನ್ನ ಮುಂದೆ ಬಿಡ್ತಾಳೆ, ಸೋಡಾಗ್ಲಾಸನ್ನ ಮುಂದೆ ಬಿಡ್ತಾಳೆ, ಒಂದು ಅಂಕಕ್ಕೆ ಕಪ್ಪು ಬಿಡ್ತಾಳೆ... ಮನೆಗೆ ಬಂದು, ಕಾಲು ನೋವಿತ್ತು ಅಮ್ಮ ಅಂತಾಳೆ. ನಾನು ಎಣ್ಣೆ ಹಚ್ಚಿ ತಿಕ್ತೀನಿ. ಸುಮ್ಮನೆ ತಿಕ್ಕಿಸ್ಕೊಳ್ತಾಳೆ, ಬಿಸಿ ಬಿಸಿಯಾಗಿರುತ್ತೆ ಕಾಲು, ಒಂದು ನೋವಿಲ್ಲ, ಏನಿಲ್ಲ.

ನೀವು ಯಾಕೆ ಹಾಗೆ ನೋಡ್ತೀರಿ ನನ್ನ. ಹೇಳ್ತೀನಿ, ಹೇಳ್ತೀನಿ. ಬೆಂಚಿನ ಮೇಲೆ ಕೂತಿದ್ದವರು ನೀವು, ನಿಮಗೆ ಸುಳ್ಳು ಹೇಳಿ ಏನು ಪ್ರಯೋಜನ. ಅವತ್ತು ಅವಳು ಅಳಲಿಲ್ಲ. ಅತ್ತಿದ್ದು ನಾನು. ಕೈ ನಡುಗಿ ಚೂರು ಎರಡು ಸಲ ಜಾರಿಬಿತ್ತು, ಅವಳೇ ಹಿಡಿದುಕೊಟ್ಟಳು. ಹಲ್ಲು ಮುರಿದಿದ್ದಕ್ಕೆ ಅಂದುಕೊಂಡಿರಾ? ಹಲ್ಲು ನನಗೆ ಯಾವ ಲೆಕ್ಕ, ದಿನಾ ನೋಡ್ತೀನಿ. ಬಾಯಿ ತುಂಬ ರಕ್ತ ಇಟ್ಕೊಂಡು ಅವಳು ನಗ್ತಾ ಇದ್ದಳು ಮೇಷ್ಟ್ರೇ. ನಗ್ತಾ ಹೇಳಿದ್ದು ಏನು ಗೊತ್ತಾ?

"ಅಮ್ಮಾ, ಇಳಿಯೋವಾಗ ಕಾಲು ನೆಲದ ಮೇಲೇ ಇರಲಿಲ್ಲ. ಹಾರಿದ ಹಾಗಿತ್ತು."

ಅಷ್ಟೇ. ಆ ಮಾತಿಗೇ ಅತ್ತಿದ್ದು ನಾನು. ಬಿದ್ದಿದ್ದು ಅವಳ ನೆನಪಲ್ಲೇ ಇಲ್ಲ, ಹಾರಿದ್ದಷ್ಟೇ ಇದೆ. ಹೀಗೆ ಹಾರೋಳನ್ನ ನಾನು ಎಲ್ಲಿ ನಿಂತು ಹಿಡ್ಕೊಳ್ಳಲಿ? ಅದಕ್ಕೇ ಹೋಗಿ ಆ ಬಂಡೆ ಹತ್ರ ನಿಂತೆ. ಯಾರಿಗೂ ಹೇಳಲಿಲ್ಲ. ಅವಳಿಗೆ ಭಯ, ಅವಳಿಗೆ ಭಯ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದೆ, ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಟಿಶ್ಯೂ ಬೇಡ. ನೀವೇ ಇಟ್ಕೊಳ್ಳಿ, ಬಾಯಿ ಸೋರ್ತಾ ಇದೆ.

ಕೇಳಿ ಇಲ್ಲಿ. ಅವಳ ಹೆಸರು ಬರೀರಿ. ಆರನೇದಾಗಿ ಅಲ್ಲ, ಮೊದಲು ಬರೀರಿ. ಮತ್ತೆ ಈ ಪೆಟ್ಟಿಗೆ... ಸಿಸ್ಟರ್, ಆ ಔಷಧಿ ಪೆಟ್ಟಿಗೆ ಕೊಡಮ್ಮ. ಇದನ್ನ ತಗೊಂಡು ಹೋಗಿ. ತಿರುವಿನಲ್ಲಿ ನಮ್ಮ ಸಿಸ್ಟರ್ ನಿಲ್ಲಲಿ. ಬಾಯಿ ಕಮ್ಮಿ ಅವಳದ್ದು, ಕೈ ಚುರುಕು, ಗಾಯ ನನಗಿಂತ ಚೆನ್ನಾಗಿ ಕಟ್ತಾಳೆ. ಏನಮ್ಮ, ನಿಲ್ತೀಯಾ? ನೋಡಿ, ಹೂಂ ಅಂತ ಕೂಡ ಅನ್ನಲ್ಲ, ತಲೆ ಆಡಿಸ್ತಾಳೆ. ಅಲ್ಲಿಗೆ ಇಂಥವರೇ ಬೇಕು.

ನಾನು ಕೆಳಗೆ ನಿಲ್ತೀನಿ, ಹಗ್ಗದ ಹತ್ರ, ಕಡ್ಡಿಯ ಅಪ್ಪನ ಪಕ್ಕ. ಅವರು ತಪ್ಪು ಲೆಕ್ಕಕ್ಕೆ ಚಪ್ಪಾಳೆ ಹೊಡೆಯೋಕೆ ಎದ್ದರೆ ಎಳೆದು ಕೂರಿಸೋಕಾದರೂ ಒಬ್ಬರು ಬೇಕಲ್ಲ. ಆದರೆ ಒಂದು. ಅಲ್ಲಿಂದ ಆ ತಿರುವು ಕಾಣಲ್ಲ, ನಂಗೊತ್ತು. ಅವಳು ಟ್ಯಾಂಕು ಸುತ್ತಿ ಇಳಿಯೋಕೆ ಶುರು ಮಾಡಿದ ಮೇಲೆ ಗುಡ್ಡದ ಬುಡದ ಹುಣಸೆಮರದ ಈಚೆ ಬರೋವರೆಗೆ ನನಗೆ ಏನೂ ಕಾಣಲ್ಲ. ಅಷ್ಟು ಹೊತ್ತು ನಾನು ಏನು ಮಾಡಲಿ ಹೇಳಿ? ನಿಮ್ಮ ಹತ್ರ ಇನ್ನೊಂದು ಸೀಟಿ ಇದ್ದರೆ ಕೊಡಿ. ಕಚ್ಚೋಕೆ.

ನಕ್ಕಿರಿ, ಸದ್ಯ. ಒಂದೇ ಕಡೆ. ಹೇಳಿದೆನಲ್ಲ, ಚೆನ್ನಾಗಿ ಕಾಣಲ್ಲ ಅಂತ.

ನಾನು ತಿಳ್ಕೊಂಡೆ ಅಂತ ಅವಳಿಗೆ ಹೇಳಬೇಡಿ. ನಿಮಗೆ ಮಾತು ಉಳಿಸ್ಕೊಳ್ಳೋದು ಬರುತ್ತೆ, ಇವತ್ತು ನೋಡಿದೆ. ಬಂಡೆ ಹತ್ರ ನಾನು ಕಾಣದಿದ್ದರೆ ಅವಳಿಗೇ ಗೊತ್ತಾಗುತ್ತೆ. ಗೊತ್ತಾಗೋಕೆ ಒಂದು ಕ್ಷಣ ಸಾಕು ಅವಳಿಗೆ, ಅಷ್ಟರಲ್ಲಿ ತಿರುವು ದಾಟಿರ್ತಾಳೆ.

ಸರಿ, ಹೊರಡಿ, ಹಲಗೆ ಕಾಯ್ತಿರುತ್ತೆ. ಎರಡು ಗಂಟೆ ಬಿಸಿ ಏನೂ ಕುಡಿಯಬೇಡಿ. ಪೆಟ್ಟಿಗೆ ಎಡಗೈಲಿ ಹಿಡ್ಕೊಳ್ಳಿ, ಬಲಗೈಗೆ ಕಂಬಿ ಸಿಗುತ್ತೆ. ಆ ಅಂಗಡಿಯವನು ಇವತ್ತೂ ಟೈರು ಇಟ್ಟಿದ್ದಾನೆ ನೋಡಿ ಕೆಳಗೆ, ಎಷ್ಟು ಹೇಳಿದರೂ ಅಷ್ಟೇ. ಮೇಷ್ಟ್ರೇ... ಮೇಷ್ಟ್ರೇ, ಸ್ವಲ್ಪ ನಿ...

ಏನಿಲ್ಲ. ಇಳೀರಿ.